ಪಕ್ಕದ ಎಲೆಯ ಕಾಗೆ

ನಾನು ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಪಾಂಡವಪುರದ ಸುತ್ತಲಿನ ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಮಂಡ್ಯಕ್ಕೆ ಗೂಡ್ಸ್ ಆಟೋ ಓಡಿಸುತ್ತೇನೆ. ಕವಿತೆ ಅಂದರೆ ನನಗೆ ಆಗುತ್ತಿರಲಿಲ್ಲ. ಒಂದು ಮಾತು ಹೇಳಲು ಅಷ್ಟು ಸುತ್ತುವುದು ಯಾಕೆ ಅನ್ನಿಸುತ್ತಿತ್ತು. ಹಾಯ್ಕು ಮಾತ್ರ ಹಿಡಿಸಿತು. ಜಪಾನಿನವರದಂತೆ, ಮೂರೇ ಸಾಲು. ನಾಗಮಂಗಲದ ಒಬ್ಬ ರಿಟೈರಾದ ಮೇಷ್ಟ್ರು ವಾಟ್ಸಾಪಿನಲ್ಲಿ ಗುಂಪು ಮಾಡಿದ್ದರು. ದಿನಕ್ಕೊಂದು ಫೋಟೋ ತೆಗೆಯಬೇಕು, ಅದರ ಕೆಳಗೆ ಮೂರು ಸಾಲು ಬರೆಯಬೇಕು. ಅಳು ಬಂತು, ಎದೆ ಒಡೆಯಿತು ಅಂತ ಬರೆದರೆ ಮೇಷ್ಟ್ರು ವಾಪಸ್ ಕಳಿಸುತ್ತಿದ್ದರು. ನಾನು ಲೋಡಿಗೆ ಕಾಯುವಾಗ ಬರೆಯುತ್ತಿದ್ದೆ.

ಕೊಪ್ಪರಿಗೆ ಆರಿತು
ಅಂಚಿನ ಬೆಲ್ಲಕ್ಕೆ
ಇರುವೆ ಸಾಲು

ಇದು ಚೆನ್ನಾಗಿದೆ ಅಂದರು. ನಾನು ಕೆಟ್ಟಿದ್ದು ಅಲ್ಲೇ. ಆಮೇಲೆ ಎಲ್ಲಿ ಹೋದರೂ ಫೋನು ಕೈಯಲ್ಲೇ.

ಈ ಬೇಸಿಗೆಯಲ್ಲಿ ಚಿಕ್ಕಪ್ಪ ತೀರಿಕೊಂಡ. ಅವನ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ಬೂದಿ ಬಿಡಲು ಗಂಡಸರೆಲ್ಲ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೊರಟೆವು. ನಮ್ಮ ಮನೆಗಳಲ್ಲಿ ಇದಕ್ಕೆ ಹೆಂಗಸರು ಹೋಗುವುದಿಲ್ಲ. ಆಟೋ ಹತ್ತುವಾಗ ಚಿಕ್ಕವ್ವ ನನ್ನನ್ನು ಪಕ್ಕಕ್ಕೆ ಕರೆದಳು. ಸಾಯುವ ಹಿಂದಿನ ದಿನ ಚಿಕ್ಕಪ್ಪ ಒಂದು ತುತ್ತು ಅನ್ನ ಕೇಳಿದ್ದನಂತೆ. ಸಕ್ಕರೆ ಕಾಯಿಲೆ ಅಂತ ಇವಳು ಬೈದು, ಮುದ್ದೆಯನ್ನೇ ಹಾಕಿದ್ದಳಂತೆ. ಅವನು ಅರ್ಧಕ್ಕೇ ಎದ್ದುಬಿಟ್ಟನಂತೆ.

"ಕಾಗೆ ಮುಟ್ತದಾ ಇಲ್ವಾ ಅಂತ ನೀನೇ ನೋಡ್ಕಂಡ್ ಬಾ ಮಗ" ಅಂದಳು.

ಹೊಳೆಯಲ್ಲಿ ಬೂದಿ ಬಿಟ್ಟ ಮೇಲೆ ದಂಡೆಯಲ್ಲಿ ಬಾಳೆಎಲೆ ಹಾಸಿ ಅನ್ನದ ಉಂಡೆ ಇಟ್ಟು ದೂರ ನಿಂತೆವು. ಕಾಗೆ ಬಂದು ತಿಂದರೆ ಹೋದವನಿಗೆ ತೃಪ್ತಿ. ಬರದಿದ್ದರೆ ಏನೋ ಆಸೆ ಉಳಿದಿದೆ ಅಂತ ಅರ್ಥ. ಬರಲಿಲ್ಲ. ಇದ್ದವರು ಒಬ್ಬೊಬ್ಬರಾಗಿ ಮಾತು ಕೊಡತೊಡಗಿದರು. "ನಿನ್ ಎಂಡ್ತಿ ಮಗಳ ನಾನ್ ನೋಡ್ಕತೀನಿ ಕಣ್ಲಾ, ಬಂದ್ ಉಣ್ಣು" ಅಂತ ಅಪ್ಪ ಕೈ ಮುಗಿದ. ಆದರೂ ಬರಲಿಲ್ಲ. ಪಕ್ಕದಲ್ಲಿ ಬೇರೆ ಯಾವುದೋ ಊರಿನವರು ಎಲೆ ಹಾಕಿದ್ದರು. ಅವರು ಹಿಂದೆ ಸರಿಯುವುದಕ್ಕೂ ಪುರುಸೊತ್ತಿಲ್ಲ, ಕಾಗೆ ಬಂದು ಕೂತಿತು.

ನನ್ನ ಭಾವ ಕಿವಿಯಲ್ಲಿ ಅಂದ: "ಅವ್ರ್ ಎಲೇಲಿ ವಡೆ ಐತೆ, ನಮ್ದು ಬರೀ ಅನ್ನ. ಕಾಗೇಗ್ ಅಷ್ಟೂ ಗೊತ್ತಾಗಾಕಿಲ್ವಾ?"

ನನಗೆ ನಗು ಬಂತು. ನಗುತ್ತಲೇ ಆ ಕಾಗೆಯ ಫೋಟೋ ತೆಗೆದೆ. ಅಲ್ಲೇ ನಿಂತು ಮೂರು ಸಾಲು ಬರೆದು ಸ್ಟೇಟಸ್ಸಿಗೆ ಹಾಕಿದೆ.

ಹೊಳೆ ದಂಡೆ
ಬಿಳಿ ಅನ್ನದ ಮೇಲೆ
ಕಾಗೆಯ ನೆರಳು

ಯಾರ ಎಲೆ ಅಂತ ಬರೆಯಲಿಲ್ಲ. ಬರೆಯಬೇಕು ಅಂತ ಆಗ ತಲೆಗೇ ಬರಲಿಲ್ಲ. ಮಧ್ಯಾಹ್ನದವರೆಗೂ ಕಾದು, ಕೊನೆಗೆ ಅನ್ನವನ್ನು ನೀರಿಗೆ ಬಿಟ್ಟು ಊರಿಗೆ ಬಂದೆವು.

ಬಾಗಿಲಲ್ಲೇ ಚಿಕ್ಕವ್ವ ನಿಂತಿದ್ದಳು. ಅವಳ ಮಗಳು ನನ್ನ ಸ್ಟೇಟಸ್ಸು ತೋರಿಸಿಬಿಟ್ಟಿದ್ದಳು.

"ಬಂದ್ ಉಂಡನಂತಲ್ಲ ಮಗ" ಅಂದಳು.

ಅಪ್ಪ ನನ್ನ ತೋಳು ಹಿಂಡಿದ. ನಾನು ಹೂಂ ಅಂದೆ. ಅವತ್ತು ಅವಳು ಕೂತು ಊಟ ಮಾಡಿದಳು. ಎಷ್ಟೋ ದಿನದ ಮೇಲೆ ನೆಟ್ಟಗೆ ನಿದ್ದೆ ಮಾಡಿದಳಂತೆ. ಮಾರನೆಯ ದಿನದಿಂದ ಹಾಲಿನ ಡೈರಿಗೆ ಹೋದಾಗಲೆಲ್ಲ ಅದನ್ನೇ ಹೇಳಿದಳು. ಅಪ್ಪ ಇದನ್ನು ಎತ್ತಬೇಡ ಅಂತ ನನಗೆ ಕಟ್ಟುನಿಟ್ಟಾಗಿ ಹೇಳಿದ. ನಾನೂ ಎತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಅವಳೇ ನನ್ನನ್ನು ಕರೆದು, ಆ ಫೋಟೋವನ್ನು ನನ್ನ ಮೂರು ಸಾಲಿನ ಸಮೇತ ದೊಡ್ಡದು ಮಾಡಿಸಿ ಫ್ರೇಮು ಹಾಕಿಸಿಕೊಂಡು ಬಾ ಅಂದಳು. ಚಿಕ್ಕಪ್ಪನ ಫೋಟೋ ಪಕ್ಕ ತೂಗುಹಾಕಬೇಕಂತೆ. ಪಾಂಡವಪುರದ ಸ್ಟುಡಿಯೋಗೆ ಹೋದೆ. ಅವರು ಕಂಪ್ಯೂಟರಿನಲ್ಲಿ ಫೋಟೋ ದೊಡ್ಡದು ಮಾಡಿದಾಗ ಎಲೆಯ ತುದಿಯಲ್ಲಿ ಎರಡು ವಡೆ ಕಂಡವು. ಯಾರದೋ ಎಲೆಗೆ ಕುಂಕುಮ ಇಟ್ಟು ಅವಳು ಇನ್ನು ದಿನಾ ಕೈ ಮುಗಿಯುತ್ತಾಳಲ್ಲ ಅನ್ನಿಸಿತು. ಬೇಡ ಅಂತ ಹೇಳಿ ಎದ್ದು ಬಂದೆ.

ಚಿಕ್ಕವ್ವ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನನಗೆ ಮಾತು ನಯ ಮಾಡಲು ಬರುವುದಿಲ್ಲ.

"ಚಿಕ್ಕವ್ವ, ಆ ಎಲೆ ನಮ್ದಲ್ಲ. ಪಕ್ದೋರ್ದು. ನಮ್ಮೆಲೆಗೆ ಕಾಗೆ ಬರ್ಲೇ ಇಲ್ಲ."

ಅವಳ ಕೈ ನಿಲ್ಲಲಿಲ್ಲ. ಒಂದು ಕಂತೆ ಮುಗಿಸಿ ಕೇಳಿದಳು: "ಅವತ್ತೇ ಯಾಕ್ ಯೋಳ್ಲಿಲ್ಲ?"

ನೀನು ಉಣ್ಣುತ್ತಿದ್ದೆಯಲ್ಲ, ಅದಕ್ಕೆ ಅಂದೆ.

"ಮತ್ತೆ ಇವತ್ ಯಾಕ್ ಯೋಳ್ದೆ?"

ಸೊಪ್ಪಿನ ಕಡ್ಡಿಗಳನ್ನು ಮಡಿಲಿಂದ ಕೊಡವಿ ಎದ್ದು ಒಳಗೆ ಹೋದಳು.

ಗೊತ್ತಾದಾಗ ಅಪ್ಪ ಹೊಡೆಯಲಿಲ್ಲ ಅಷ್ಟೆ. ನೆಮ್ಮದಿಯಾಗಿದ್ದವಳ ನಿದ್ದೆ ಕಿತ್ತುಕೊಂಡೆ, ನಿನಗೆ ಬರೆಯುವ ತೆವಲು ಯಾರು ಹಿಡಿಸಿದರು ಅಂತ ಬೈದ. ಮೇಷ್ಟ್ರಿಗೆ ಫೋನು ಮಾಡಿ, ಯಾರ ಎಲೆ ಅಂತಲೂ ಬರೆಯಬೇಕಿತ್ತಾ ಅಂತ ಕೇಳಿದೆ. ಬರೆದರೆ ಹಾಯ್ಕು ಕೆಡುತ್ತದೆ ಅಂದರು. ಅವರಿಗೆ ಪೂರ್ತಿ ಕಥೆ ಹೇಳಲಿಲ್ಲ. ಹೇಳಿದ್ದರೂ ಅದೇ ಅನ್ನುತ್ತಿದ್ದರೋ ಏನೋ.

ಚಿಕ್ಕವ್ವ ಈಗ ಅನ್ನ ಮುಟ್ಟುವುದಿಲ್ಲ. ದಿನಾ ಬೆಳಿಗ್ಗೆ ಮಹಡಿ ಮೇಲೆ ಒಂದು ಹಿಡಿ ಇಟ್ಟು ಬರುತ್ತಾಳೆ. ಕಾಗೆಗಳು ಬಂದು ತಿನ್ನುತ್ತವೆ. ನೋಡು, ಬಂತಲ್ಲ ಅಂತ ನಾನು ಅಂದರೆ, ಇವು ಊರ ಕಾಗೆ, ಏನು ಹಾಕಿದರೂ ತಿನ್ನುತ್ತವೆ ಅನ್ನುತ್ತಾಳೆ. ಮೊನ್ನೆ ನಾನು ಆಟೋ ತೊಳೆಯುವಾಗ ಬಂದು ನಿಂತಳು.

"ಪಿತೃಪಕ್ಷಕ್ಕೆ ನನ್ನ ಒಳೆತಕೆ ಕರ್ಕಂಡೋಗು. ನಾನೇ ಕಣ್ಣಾರೆ ನೋಡ್ಬೇಕು."

ಹೆಂಗಸರು ಹೋಗುವ ಹಾಗಿಲ್ಲ ಅನ್ನುವುದು ಅವಳಿಗೂ ಗೊತ್ತು. ಅಲ್ಲೂ ಬರದಿದ್ದರೆ ಏನು ಮಾಡುತ್ತೀ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಕರೆದುಕೊಂಡು ಹೋಗುತ್ತೇನೆ ಅಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.