ಫೇವರಬಲ್, ಯಾರಿಗೆ?

ಇವತ್ತು ಬೆಳಿಗ್ಗೆ ಹುಣಸೂರಿನಲ್ಲಿ ಟೀ ಕುಡಿಯುತ್ತಿದ್ದೆ. ಪಕ್ಕದ ಬೆಂಚಿನವರೊಬ್ಬರು, "ಹೊಗೆಸೊಪ್ಪಿನ ನಾಟಿಗೆ ಹವಾ ಫೇವರಬಲ್ ಆಗೈತೆ ಕಣಪ್ಪ" ಅಂದರು. ಒಳ್ಳೆಯ ಮಾತೇ. ಆದರೂ ಟೀ ರುಚಿ ಕೆಟ್ಟಿತು. ಆ ಪದ ಕಿವಿಗೆ ಬಿದ್ದಾಗಲೆಲ್ಲ ನನಗೆ ಹೀಗೇ ಆಗುತ್ತದೆ, ಕೇಳಿ.

ನಮ್ಮಕ್ಕ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಕೆ.ಆರ್. ನಗರಕ್ಕೆ ವರ್ಗವಾದಾಗ ಬಾಡಿಗೆ ಮನೆ ಹುಡುಕಲು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಒಂದು ಮನೆ ಹಿಡಿಸಿತು. ಎರಡು ಕೋಣೆ, ಸದಾ ನೀರು, ಸ್ಕೂಲು ಕೂಗಳತೆ ದೂರ. ಯಜಮಾನರು ಕುರ್ಚಿ ಕೊಟ್ಟರು, ಅವರ ಹೆಂಡತಿ ಕಾಫಿ ತಂದರು. ನಾನಂತೂ ದೊಡ್ಡ ಮೇಸ್ತ್ರಿಯ ಹಾಗೆ, ಮಂಚ ಹಿಡಿಯುತ್ತದೆಯೇ ಎಂದು ಗೋಡೆಗೆ ಗೇಣು ಹಾಕುತ್ತಿದ್ದೆ.

"ಅಂದಂಗೆ, ನೀವು ಯಾವ ಜನ?" ಎಂದರು ಯಜಮಾನರು.

"ನಾವು ಎಸ್ಸಿ ಕಣ್ರೀ" ಎಂದಳು ಅಕ್ಕ.

ಅವರು ಒಳಗೆ ಹೋಗಿ ಬಂದರು. "ಬೇಜಾರ್ ಮಾಡ್ಕೋಬೇಡಿ ಮೇಡಂ. ಇಲ್ಲಿ ಫೇವರಬಲ್ ಆಗಕಿಲ್ಲ."

"ಯಾರ್ಗೆ?"

"ಯಾರ್ಗೆ ಅಂದ್ರೆ?"

"ಅನುಕೂಲ ಅಂದ್ಮೇಲೆ ಯಾರ್ಗೆ ಅನ್ನೋದೂ ಇರ್ಬೇಕಲ್ರೀ. ನೀರೈತೆ, ಸ್ಕೂಲು ಹತ್ರ. ನನ್ಗೇನೋ ಫೇವರಬಲ್ಲೇ."

"ನಮ್ದೇನೂ ಇಲ್ಲ ಮೇಡಂ, ಅಕ್ಕಪಕ್ಕದೋರು..."

ಜಾತಿ ಎನ್ನುವ ಮಾತು ಆ ಬಾಯಿಂದ ಕೊನೆಗೂ ಹೊರಡಲಿಲ್ಲ. ಹೊಲಸಿನ ಮೇಲೆ ಹಾಸಿದ ಜಮಖಾನದಂತೆ ಆ ಇಂಗ್ಲಿಷ್ ಪದ ಅಲ್ಲೇ ಬಿದ್ದಿತ್ತು. ಬಾ ಹೋಗೋಣ ಎಂದು ಅಕ್ಕನ ತೋಳು ಹಿಡಿದೆ. ಅವಳು ಕೊಡವಿಕೊಂಡಳು. ಅದೇ ಕುರ್ಚಿಯಲ್ಲಿ ನೆಟ್ಟಗೆ ಕೂತು, ಅರ್ಧ ಉಳಿದಿದ್ದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿದಳು. ಮನೆಯವರು ಅಷ್ಟು ಹೊತ್ತೂ ನಿಂತೇ ಇದ್ದರು.

ಆ ವರ್ಷ ಪೂರ್ತಿ ಅವಳು ನಮ್ಮೂರು ಹೊಸ ಅಗ್ರಹಾರದ ಮನೆಯಿಂದ ಬಸ್ಸಿನಲ್ಲಿ ನಿಂತುಕೊಂಡೇ ಓಡಾಡಿದಳು. ಆಮೇಲೆ ಕೆ.ಆರ್. ನಗರದ ಇನ್ನೊಂದು ಕೊನೆಯಲ್ಲಿ ಮನೆ ಸಿಕ್ಕಿತು. ಅಕ್ಕ ಆ ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಮರೆತಳು ಎಂದುಕೊಂಡಿದ್ದೆ.

ಇವತ್ತು ಟೀ ಬಿಟ್ಟು ಎದ್ದವನು ಅವಳಿಗೆ ಫೋನ್ ಮಾಡಿದೆ. "ಅಕ್ಕ, ಆ ಫೇವರಬಲ್ ಮನೆ ನೆನಪೈತಾ?"

"ಈಗ ಅದು ಮತ್ತೆ ಖಾಲಿ ಐತೆ ಕಣೋ, ಬೋರ್ಡ್ ಹಾಕವ್ರೆ. ನಮ್ ಸ್ಕೂಲಿಗೆ ಹೊಸ ಮೇಡಂ ಬಂದವ್ರೆ, ನಮ್ ಜನವೇ. ನಾಳೆ ಅಲ್ಲಿಗೇ ಕರ್ಕೊಂಡು ಹೋಗ್ತೀನಿ."

"ಮತ್ತೆ ಅಂಗೇ ಅಂದ್ರೆ?"

"ಬುಡಕಿಲ್ಲ ಈ ಸಲ. ಕನ್ನಡದಲ್ಲೇ ಯೋಳ್ರಿ ಅಂತೀನಿ. ಕೇಳಿಸ್ಕೊಳಕ್ಕೆ ಇನ್ನೊಬ್ರು ಇರ್ಬೇಕು. ಬತ್ತೀಯಾ?"

ನಾಳೆಗೆ ರಜೆ ಹಾಕಿದ್ದೇನೆ.