ಹಾಜಿ ಚಾಸಿಬ್ ಮುಟ್ಟದ ಕಾಫಿ

ಬಸ್ರಾ ಸೀಮೆಯ ಹಿರಿಯರ ಮಂಡಳಿ ಎಲ್ಲಿಗೆ ಹೊರಟರೂ ವ್ಯಾನಿನ ಮುಂದಿನ ಸೀಟು ಹಾಜಿ ಚಾಸಿಬ್ ಅವರದು, ಕೊನೆಯ ಮಾತೂ ಅವರದೇ. ಆಸ್ಪತ್ರೆಗೆ ಹೋದರೆ ಗೋಡೆ ತಟ್ಟಿ, ಶಾಲೆಗೆ ಹೋದರೆ ಚಾವಣಿ ನೋಡಿ, "ಸಿಮೆಂಟು!" ಎಂದು ಮೂಗು ಮುರಿಯುವರು. ಅವರು ಹುಟ್ಟಿ ಬೆಳೆದ ಜವುಗು ಬತ್ತಿ ಊರು ಒಣನೆಲಕ್ಕೆ ಬಂದಾಗ ಜೊಂಡಿನ ಅತಿಥಿಮನೆ ಹೋಗಿ ಸಿಮೆಂಟಿನದು ಎದ್ದಿತು. ಅದರೊಳಗೆ ಅವರು ಎಂದೂ ಕೂತವರಲ್ಲ. ಹೊಸ್ತಿಲಲ್ಲೇ ಕಾಫಿ, ಅದೂ ಒಂದೇ ಬಟ್ಟಲು, ಆಮೇಲೆ ಸಾಕೆಂದು ಬಟ್ಟಲು ಅಲ್ಲಾಡಿಸಿಬಿಡುವರು. ಮೊನ್ನೆ ಮಂಡಳಿಯವರು ಪಟ್ಟಣದ ಚರಂಡಿ ನೀರು ತಿಳಿಯಾಗಲೆಂದು ಹೊಸದಾಗಿ ಕಟ್ಟಿದ ಜವುಗು ನೋಡಲು ಹೋದರು. ಇಂಜಿನಿಯರ್ ಸುಹಾದ್ ಕೊಳವೆಗಳ ವಿಚಾರ ಹೇಳುತ್ತಿದ್ದರೆ, ಹಾಜಿ ಆಳೆತ್ತರ ಮೀರಿದ ಜೊಂಡಿನೊಳಗೆ ನುಗ್ಗಿ, ಸಂತೆಯಲ್ಲಿ ಎಮ್ಮೆ ನೋಡುವವರಂತೆ ಒಂದೊಂದನ್ನೂ ಸವರುತ್ತಿದ್ದರು. "ಹಾವಿದ್ದೀತು, ಈಚೆ ಬಾರಯ್ಯ!" ಎಂದು ಗೆಳೆಯ ಫಾಲಿಹ್ ಕೂಗಿದರು. "ಇದ್ರೆ ನಮ್ಮ ಹಳೇ ನೆಂಟನೇ ಬಿಡೋ!" ಎಂದರು ಹಾಜಿ. "ಈ ಜೊಂಡನ್ನ ವರ್ಷಕ್ಕೊಮ್ಮೆ ಕೊಯ್ದು ಸುಟ್ಟುಬಿಡ್ತೀವಿ," ಎಂದಳು ಸುಹಾದ್. ಹಾಜಿ ಈಚೆ ಬಂದು, ಅವಳು ಕೊಟ್ಟ ಕಾಫಿಯನ್ನು ತುಟಿಗೆ ಮುಟ್ಟಿಸದೆ ನೆಲದ ಮೇಲಿಟ್ಟರು. ಏನನ್ನಾದರೂ ಕೇಳಲು ಬಂದ ಅತಿಥಿ, ಆ ಬೇಡಿಕೆ ನಡೆಸಿಕೊಡುವವರೆಗೆ ಕಾಫಿ ಕುಡಿಯುವುದಿಲ್ಲ. ಆ ಸೀಮೆಯಲ್ಲಿ ಇದು ಕೂಸಿಗೂ ಗೊತ್ತು. ಸುಹಾದ್ ಗಾಬರಿಯಾದಳು. "ಏನ್ ಬೇಕು ಹಾಜಿ, ಹೇಳಿ." "ಸುಡಬೇಡ ಮಗಳೇ, ನಮಗೆ ಕೊಡು. ಅತಿಥಿಮನೆ ಕಟ್ಕೋತೀವಿ. ಸಿಮೆಂಟಿನ ಮನೇಲಿ ನೆಂಟರು ಬೇಗ ಎದ್ದುಹೋಗ್ತಾರೆ." "ಅಯ್ಯೋ, ಅಷ್ಟೇನಾ! ಪೂರ್ತಿ ತಗೊಂಡೋಗಿ. ಮೊದಲು ಕುಡೀರಿ, ಆರಿಹೋಗ್ತಿದೆ!" ಹಾಜಿ ಕುಡಿದರು. ಬಟ್ಟಲು ಅಲ್ಲಾಡಿಸಲಿಲ್ಲ, ಇನ್ನೊಂದಿಷ್ಟು ಹುಯ್ಯೆಂದು ಮುಂದೆ ಚಾಚಿದರು.