ಸುಮ್ಮನಿದ್ದ ಯಂತ್ರ

ಬ್ಯಾಟರಿ ಉಳಿಯಲೆಂದು, ನೀರಿನ ಮಟ್ಟ ಬದಲಾದಾಗ ಮಾತ್ರ ಕಾವಲು ಕೋಣೆಯ ಪರದೆಗೆ ಅಂಕಿ ಕಳಿಸುವ ಯಂತ್ರ ಮಾಡಿ ಕಲ್ಲೋಳಿ ಬಳಿಯ ಕಾಲುವೆಗೆ ಕೂಡಿಸಿದ್ದೆ.

"ಮೂರು ತಾಸಾತು, ನಿಮ್ಮ ಮಶೀನ್ ಸುಮ್ಮನೈತ್ರಿ," ಎಂದರು ಕಾಲುವೆ ಕಾಯುವ ಭೀಮಪ್ಪ ಕಾಕಾ.

"ನೀರು ಏರಿಲ್ಲ ಕಾಕಾ, ಅದಕ್ಕ."

ಅವರು ನನ್ನನ್ನು ದಂಡೆಗೆ ಕರೆದೊಯ್ದರು. ನೀರು ಅಪಾಯದ ಕೆಂಪು ಗೆರೆ ದಾಟಿತ್ತು. ಇಬ್ಬರೂ ಓಡಿ, ಚಕ್ರ ತಿರುಗಿಸಿ ಮೇಲಿನ ಗೇಟು ಇಳಿಸುವಷ್ಟರಲ್ಲಿ ನನ್ನ ಅಂಗೈ ಸುಲಿದಿತ್ತು. ಯಂತ್ರ ಬಿಚ್ಚಿದರೆ, ಒಳಗಿನ ತಂತಿ ಕಿತ್ತು ಬಂದಿತ್ತು.

ಕಾಕಾ ತಮ್ಮ ವಹಿ ತೆರೆದರು. ನೀರು ಏರದ ದಿನಗಳಲ್ಲೂ ತಾಸಿಗೊಂದು ಸಾಲು: ಮೊದಲಿನಷ್ಟೇ, ಮೊದಲಿನಷ್ಟೇ.

"ಇದನ್ಯಾಕ ಬರೀತೀರಿ ಅಂತ ಮೊನ್ನೆ ನಕ್ಕಿದ್ರಿ. ನಾ ಎಚ್ಚರ ಅದೀನಿ ಅಂತ ಸಾಹೇಬ್ರಿಗೆ ಗೊತ್ತಾಗಬೇಕಲ್ರಿ."

ಈಗ ನನ್ನ ಯಂತ್ರವೂ ತಾಸಿಗೊಮ್ಮೆ 'ಮೊದಲಿನಷ್ಟೇ' ಅನ್ನುತ್ತದೆ. ಬ್ಯಾಟರಿ ಸ್ವಲ್ಪ ಹೆಚ್ಚು ಹೋಗುತ್ತದೆ. ಹೋಗಲಿ, ಎಚ್ಚರ ಇರುವವರಿಗೆ ಚಹಾ ಬೇಕಲ್ಲವೆ?